ವ್ಯಾಪಾರದ ಮಾತು ತಪ್ಪಿದಾಗ

“ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಸಾಲ ಕೊಟ್ಟು ಕೈಸುಟ್ಟುಕೊಂಡವರ ಬಾಯಲ್ಲಿ ಹುಟ್ಟಿದ ಮಾತು ಇದಾಗಿರಬಹುದು. ಆದರೆ ಮುಂಗಡ ಕೊಟ್ಟು ಸರಕಿನ ದಾರಿ ಕಾಯುತ್ತ ಕುಳಿತವರಿಗೂ, ಸರಕು ಕೊಟ್ಟು ಹಣದ ದಾರಿ ಕಾಯುತ್ತ ಕುಳಿತವರಿಗೂ ಅದು ಅಷ್ಟೇ ಸಲ್ಲುತ್ತದೆ.

ಊರು ಬಿಟ್ಟು ದೂರದ ಪಟ್ಟಣಗಳಲ್ಲಿ ನೆಲೆಸಿದ ನಮ್ಮಂಥ ಕುಟುಂಬಗಳಿಗೆ ಈ ಸಂಕಟ ಇನ್ನೂ ಹತ್ತಿರದ್ದು. ಬೇಕಾದುದನ್ನೆಲ್ಲ ನಾವು ಎದುರಿನ ಅಂಗಡಿಯಲ್ಲಿ ನೋಡಿ, ಮುಟ್ಟಿ, ಚೌಕಾಸಿ ಮಾಡಿ ಕೊಳ್ಳುವುದಿಲ್ಲ. ಮಗಳ ಮದುವೆಗೆ ಇಳಕಲ್ಲಿನ ಸೀರೆ, ವರ್ಷದ ಖಾರದ ಪುಡಿಗೆ ಬ್ಯಾಡಗಿಯ ಮೆಣಸಿನಕಾಯಿ, ಬೆಳಗಿನ ಲೋಟಕ್ಕೆ ಚಿಕ್ಕಮಗಳೂರಿನ ಕಾಫಿ ಬೀಜ, ಇವನ್ನೆಲ್ಲ ದೂರದಿಂದಲೇ ಹೇಳಿ ತರಿಸುತ್ತೇವೆ. ಬಹಳ ಸಲ ಕಾಗದವೂ ಇರುವುದಿಲ್ಲ. “ನಮ್ಮವರೇ ಅಲ್ಲವೇ” ಎಂಬ ನಂಬಿಕೆಯೇ ಕರಾರು, ದೂರವಾಣಿಯ ಮಾತೇ ದಸ್ತಾವೇಜು.

ಮಾತು ನಡೆದರೆ ಎಲ್ಲವೂ ಸುಖವೇ. ನಡೆಯದೆ ಹೋದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ದಾರಿಗಳುಂಟು. “ಹೋಗಲಿ ಬಿಡಿ, ನಮ್ಮ ಹಣೆಬರಹ” ಎಂದು ನುಂಗಿಕೊಳ್ಳುವುದು ಒಂದು. ಕೂಗಾಡಿ ಸಂಬಂಧವನ್ನೇ ಹರಿದುಕೊಳ್ಳುವುದು ಇನ್ನೊಂದು. ಇವೆರಡಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ಅದು ಕಾನೂನಿನ ದಾರಿ. ಕಾನೂನು ಎಂದೊಡನೆ ಕರಿಕೋಟು, ವಕೀಲರ ಶುಲ್ಕ, ವರ್ಷಗಟ್ಟಲೆ ಅಲೆದಾಟ ಎಂದು ಹೆದರಬೇಕಾಗಿಲ್ಲ. ನಾವು ವಕೀಲರಲ್ಲ, ಕಚೇರಿಯ ಕಡತಗಳ ನಡುವೆ ದಿನ ಕಳೆಯುವವರು. ಆದರೂ ಈ ವಿಷಯದ ಕಾಯಿದೆಗಳನ್ನು ಓದಿ ನೋಡಿದಾಗ ಅವುಗಳ ತಿರುಳು ಗೃಹಸ್ಥರಿಗೆ ತಿಳಿಯದಂಥದೇನಲ್ಲ ಎಂದು ಕಂಡಿತು. ಮಾತು ತಪ್ಪಿದವನನ್ನು ದಂಡಿಸುವುದು ಇಲ್ಲಿ ಕಾನೂನಿನ ಉದ್ದೇಶವಲ್ಲ. ಮಾತು ನಡೆದಿದ್ದರೆ ನಾವು ಎಲ್ಲಿರುತ್ತಿದ್ದೆವೋ ಅಲ್ಲಿಗೆ ಹಣದ ಮಟ್ಟಿಗೆ ನಮ್ಮನ್ನು ತಂದು ನಿಲ್ಲಿಸುವುದು ಅದರ ಉದ್ದೇಶ. ಅದಕ್ಕಾಗಿ ಅದು ನಮ್ಮಿಂದ ಕೇಳುವುದು ಎರಡನ್ನು: ಬೇಡವೆಂಬುದನ್ನು ಬೇಗ ಹೇಳಬೇಕು, ನಷ್ಟದ ಲೆಕ್ಕವನ್ನು ತೋರಿಸಬೇಕು.

ಬಾಯಿಮಾತೂ ಕರಾರೇ

ಸರಕಿನ ಮಾರಾಟಕ್ಕೆ ಸಂಬಂಧಿಸಿದ ನಿಯಮಗಳು ಮೊದಲು 1872ರ ಭಾರತೀಯ ಕರಾರು ಕಾಯಿದೆಯಲ್ಲೇ ಒಂದು ಅಧ್ಯಾಯವಾಗಿದ್ದುವು. ಅವನ್ನು ಬೇರ್ಪಡಿಸಿ 1930ರಲ್ಲಿ ಸರಕು ಮಾರಾಟ ಕಾಯಿದೆಯನ್ನು ಮಾಡಲಾಯಿತು. ಆ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಅದು ಇಂದಿಗೂ ನಡೆಯುತ್ತಿದೆ. ನಷ್ಟಪರಿಹಾರದ ಸಾಮಾನ್ಯ ತತ್ತ್ವಗಳಿಗಾಗಿ ಈಗಲೂ 1872ರ ಕಾಯಿದೆಯನ್ನೇ ನೋಡಬೇಕು.

ಮಾರಾಟದ ಕರಾರು ಬರವಣಿಗೆಯಲ್ಲೇ ಇರಬೇಕೆಂದು 1930ರ ಕಾಯಿದೆ ಹೇಳುವುದಿಲ್ಲ. ಬಾಯಿಮಾತಿನಲ್ಲಿರಬಹುದು, ಬರಹದಲ್ಲಿರಬಹುದು, ಅರ್ಧ ಹೀಗೆ ಅರ್ಧ ಹಾಗೆ ಇರಬಹುದು, ಇಬ್ಬರ ನಡತೆಯಿಂದಲೇ ಊಹಿಸುವಂತಿರಬಹುದು. ಆದ್ದರಿಂದ “ಕಾಗದವಿಲ್ಲ, ಇನ್ನೇನು ಮಾಡಲಾದೀತು?” ಎಂದು ಕೈಚೆಲ್ಲಬೇಕಾಗಿಲ್ಲ. ಮುಂಗಡ ಹೋದ ಬ್ಯಾಂಕಿನ ಲೆಕ್ಕ, ಮೊಬೈಲಿನಲ್ಲಿ ಉಳಿದ ಸಂದೇಶ, ಗಂಟಿನ ಮೇಲಿನ ಚೀಟಿ, ಇವೆಲ್ಲ ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತವೆ. ವ್ಯವಹಾರ ಮುಗಿಯುವವರೆಗೆ ಇವುಗಳಲ್ಲಿ ಒಂದನ್ನೂ ಅಳಿಸಬಾರದು, ಎಸೆಯಬಾರದು.

ಷರತ್ತು ಮತ್ತು ಭರವಸೆ

ಮಾರುವವನು ಒಪ್ಪಿಕೊಂಡ ಮಾತುಗಳೆಲ್ಲ ಒಂದೇ ತೂಕದವಲ್ಲ. ಕರಾರಿನ ಮೂಲ ಉದ್ದೇಶಕ್ಕೇ ಸೇರಿದ ಮಾತನ್ನು ಕಾಯಿದೆ ಷರತ್ತು ಎನ್ನುತ್ತದೆ; ಅದಕ್ಕೆ ಜೊತೆಯಾಗಿ ನಿಲ್ಲುವ ಮಾತನ್ನು ಭರವಸೆ ಎನ್ನುತ್ತದೆ. ಷರತ್ತು ಮುರಿದರೆ ಸರಕನ್ನೇ ಬೇಡವೆನ್ನಬಹುದು, ಕೊಟ್ಟ ಹಣವನ್ನು ಹಿಂದಕ್ಕೆ ಕೇಳಬಹುದು. ಭರವಸೆ ಮಾತ್ರ ಮುರಿದರೆ ಸರಕನ್ನು ಇಟ್ಟುಕೊಂಡು ನಷ್ಟವನ್ನಷ್ಟೇ ಕೇಳಬೇಕು.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಸೆರಗನ್ನು ಕೊಂಡಿ ಹಾಕಿ ಸೇರಿಸಿದ ಕೈಮಗ್ಗದ ಇಳಕಲ್ ಸೀರೆ ಹನ್ನೆರಡು ಬೇಕೆಂದು, ಮಾದರಿಯ ಸೀರೆಯನ್ನು ನೋಡಿ ಒಬ್ಬ ಗೃಹಿಣಿ ಹೇಳುತ್ತಾರೆ. ಬಂದ ಗಂಟಿನಲ್ಲಿರುವುದು ವಿದ್ಯುತ್ ಮಗ್ಗದ ಸೀರೆಗಳು. ಇಲ್ಲಿ ಮುರಿದಿರುವುದು ಷರತ್ತು. ಮಾದರಿ ತೋರಿಸಿ ಮಾರಿದರೆ ಬರುವ ಸರಕು ಮಾದರಿಯಂತೆಯೇ ಇರಬೇಕು, ಹೆಸರು ಹೇಳಿ ಮಾರಿದರೆ ಆ ಹೆಸರಿಗೆ ತಕ್ಕಂತಿರಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಕಾಯಿದೆಯೇ ಕರಾರಿನೊಳಗೆ ಸೇರಿಸಿಬಿಟ್ಟಿದೆ. ಮಾದರಿಯನ್ನೂ ಹೆಸರನ್ನೂ ಎರಡನ್ನೂ ಹೇಳಿದ್ದರೆ ಎರಡಕ್ಕೂ ಹೊಂದಬೇಕು. ಮಾರಿದವನಿಗೆ ಮಾರುವ ಹಕ್ಕಿರಬೇಕೆಂಬುದೂ ಇಂಥದೇ ಷರತ್ತು. ಕದ್ದ ವಸ್ತುವನ್ನು ತಿಳಿಯದೆ ಕೊಂಡು, ನಿಜವಾದ ಒಡೆಯನಿಗೆ ಒಪ್ಪಿಸಬೇಕಾಗಿ ಬಂದವರು ಮಾರಿದವನಿಂದ ಹಣ ಕೇಳಬಹುದು.

ಗುಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. “ಕೊಳ್ಳುವವನು ನೋಡಿಕೊಂಡು ಕೊಳ್ಳಲಿ” ಎಂಬುದೇ ಇಲ್ಲಿ ಮೂಲ ನಿಯಮ. ಇದಕ್ಕೆ ಮುಖ್ಯವಾದ ಎರಡು ವಿನಾಯಿತಿಗಳಿವೆ. ಯಾವ ಕೆಲಸಕ್ಕೆ ಬೇಕೆಂದು ತಿಳಿಸಿ, ಆ ಬಗೆಯ ಸರಕನ್ನೇ ಮಾರುವ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಸರಕು ಆ ಕೆಲಸಕ್ಕೆ ಒದಗಬೇಕು. ಹೆಸರು ಹೇಳಿ ಅಂಥ ವ್ಯಾಪಾರಿಯಿಂದ ಕೊಂಡಿದ್ದರೆ ಅದು ಮಾರುಕಟ್ಟೆಯಲ್ಲಿ ಸಲ್ಲುವಂತಿರಬೇಕು. ಆದರೆ ಕೊಳ್ಳುವ ಮೊದಲು ನಾವೇ ಕೈಯಾರೆ ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳಬೇಕಾಗಿದ್ದ ದೋಷಕ್ಕೆ ಆಮೇಲೆ ದೂರಲಾಗದು. “ಇಪ್ಪತ್ತು ಜನರ ಅಡಿಗೆಗೆ ದಿನವೂ ರುಬ್ಬುವುದಕ್ಕೆ ಬೇಕು” ಎಂದು ಹೇಳಿ ರುಬ್ಬುವ ಯಂತ್ರ ಕೊಂಡವರಿಗೂ ಸುಮ್ಮನೆ ಬೆರಳು ತೋರಿಸಿ ಕೊಂಡವರಿಗೂ ಇರುವ ವ್ಯತ್ಯಾಸ ಇದೇ.

ಲೆಕ್ಕಕ್ಕಿಂತ ಹೆಚ್ಚು ಕಡಿಮೆ ಸರಕು ಬಂದರೂ ಕೊಳ್ಳುವವನಿಗೆ ರಕ್ಷಣೆಯಿದೆ. ಕಡಿಮೆ ಬಂದರೆ ಎಲ್ಲವನ್ನೂ ತಿರಸ್ಕರಿಸಬಹುದು. ಇಟ್ಟುಕೊಂಡರೆ ಬಂದಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಬೇಕು. ಹೆಚ್ಚು ಬಂದರೆ ಹೇಳಿದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಬೇಡವೆನ್ನಬಹುದು, ಅಥವಾ ಎಲ್ಲವನ್ನೂ ಬೇಡವೆನ್ನಬಹುದು. ಆಯಾ ವ್ಯಾಪಾರದ ವಾಡಿಕೆಗೆ ಮಾತ್ರ ಇದು ಒಳಪಟ್ಟಿದೆ.

ಸುಮ್ಮನಿದ್ದರೆ ಒಪ್ಪಿದಂತೆ

ಈಗ ನಾವು ಹೇಳಹೊರಟ ವಿಷಯದ ಮುಖ್ಯ ಭಾಗಕ್ಕೆ ಬಂದೆವು. ತಿರಸ್ಕರಿಸುವ ಹಕ್ಕು ಎಷ್ಟು ದೊಡ್ಡದೋ ಅಷ್ಟೇ ಬೇಗ ಕೈತಪ್ಪುವಂಥದು.

ಸರಕನ್ನು ಒಪ್ಪಿಕೊಂಡಂತಾಗುವುದು ಮೂರು ಬಗೆಯಲ್ಲಿ ಎಂದು ಕಾಯಿದೆಯ 42ನೆಯ ಕಲಮು ಹೇಳುತ್ತದೆ. ಒಪ್ಪಿದೆವೆಂದು ತಿಳಿಸುವುದು ಒಂದು. ಕೈಗೆ ಬಂದ ಮೇಲೆ ಅದರ ಒಡೆಯರಂತೆ ವರ್ತಿಸುವುದು ಎರಡನೆಯದು. ತಕ್ಕಷ್ಟು ಕಾಲ ಕಳೆದರೂ ಬೇಡವೆಂದು ತಿಳಿಸದೆ ಇಟ್ಟುಕೊಂಡಿರುವುದು ಮೂರನೆಯದು. ನಮ್ಮ ಮನೆಗಳಲ್ಲಿ ಹಕ್ಕು ಹೋಗುವುದು ಹೆಚ್ಚಾಗಿ ಕಡೆಯ ಎರಡು ಬಗೆಗಳಿಂದ. ಸೀರೆ ಮಾದರಿಯಂತಿಲ್ಲವೆಂದು ಗೊತ್ತಾದ ಮೇಲೂ “ಒಂದನ್ನು ಉಟ್ಟು ನೋಡೋಣ” ಎಂದು ಫಾಲ್ ಹೊಲಿಸಿದರೆ, ಎರಡನ್ನು ಬೀಗಿತ್ತಿಗೆ ಉಡುಗೊರೆ ಕೊಟ್ಟರೆ, ಒಡೆಯರಂತೆ ವರ್ತಿಸಿದಂತಾಯಿತು. ಗಂಟನ್ನು ಕಟ್ಟಿದಂತೆಯೇ ಅಟ್ಟದ ಮೇಲಿಟ್ಟು, ಮದುವೆಗೆ ನಾಲ್ಕು ದಿನವಿರುವಾಗ ಬಿಚ್ಚಿದರೆ ತಕ್ಕಷ್ಟು ಕಾಲ ಕಳೆದುಹೋಗಿರುತ್ತದೆ. ಎಷ್ಟು ದಿನವೆಂದರೆ ತಕ್ಕಷ್ಟು ಕಾಲ ಎಂಬುದನ್ನು ಕಾಯಿದೆ ಎಣಿಸಿ ಹೇಳಿಲ್ಲ. ಅದು ಸರಕಿನ ಮೇಲೆ, ಸಂದರ್ಭದ ಮೇಲೆ ಹೋಗುತ್ತದೆ. ಹಣ್ಣಿಗೆ ತಕ್ಕ ಕಾಲ ಕಪಾಟಿಗೆ ತಕ್ಕ ಕಾಲವಲ್ಲ.

ಹೀಗೆ ಒಪ್ಪಿಕೊಂಡಂತಾದ ಮೇಲೆ ಸಾಮಾನ್ಯವಾಗಿ ಷರತ್ತು ಭರವಸೆಯ ಮಟ್ಟಕ್ಕೆ ಇಳಿಯುತ್ತದೆ. ಸರಕು ನಮ್ಮದೇ ಆಗಿ ಉಳಿಯುತ್ತದೆ. ದೋಷದಿಂದಾದ ನಷ್ಟವನ್ನು ಮಾತ್ರ ಕೇಳಬಹುದು. ಆಗಲೂ ಕೈ ಪೂರ್ತಿ ಬರಿದಾಗಿಲ್ಲ. ಬೆಲೆಯನ್ನು ಇನ್ನೂ ಪೂರ್ತಿ ಕೊಟ್ಟಿಲ್ಲವಾದರೆ ನಷ್ಟದಷ್ಟನ್ನು ಬೆಲೆಯಲ್ಲಿ ತಗ್ಗಿಸಬೇಕೆಂದು ವಾದಿಸಬಹುದು. ಕೊಟ್ಟಾಗಿದ್ದರೆ ಪರಿಹಾರಕ್ಕೆ ದಾವೆ ಹೂಡಬಹುದು.

ಬೇಡವೆಂದವರು ತಾವೇ ಖರ್ಚು ಹಾಕಿ ಸರಕನ್ನು ಹಿಂದಕ್ಕೆ ಕಳುಹಿಸಬೇಕೆ? ಬೇರೆ ಮಾತಾಗಿಲ್ಲದಿದ್ದರೆ ಬೇಕಿಲ್ಲ ಎನ್ನುತ್ತದೆ 43ನೆಯ ಕಲಮು. ತಿರಸ್ಕರಿಸಿದ್ದೇವೆಂದು ತಿಳಿಸಿದರೆ ಸಾಕು. ಒಯ್ಯುವ ಹೊಣೆ ಮಾರಿದವನದು. ಅವನು ಒಯ್ಯುವವರೆಗೆ ಅದನ್ನು ಜೋಪಾನವಾಗಿ ಇಟ್ಟಿರುವುದು ನಮ್ಮ ಮರ್ಯಾದೆ.

ನಷ್ಟದ ಲೆಕ್ಕ

ಸರಕೇ ಬರಲಿಲ್ಲವೆಂದರೆ ಎಷ್ಟು ಕೇಳಬಹುದು? ಇದಕ್ಕೆ 1872ರ ಕರಾರು ಕಾಯಿದೆಯ 73ನೆಯ ಕಲಮು ಉತ್ತರ ಹೇಳುತ್ತದೆ. ಅದರ ಕೆಳಗೆ ಕೊಟ್ಟಿರುವ ಮೊದಲನೆಯ ಉದಾಹರಣೆಯೇ ಸರಕಿನದು. ಒಬ್ಬನು ಇನ್ನೊಬ್ಬನಿಗೆ 50 ಮಣ ಪೆಟ್ಲುಪ್ಪನ್ನು ಗೊತ್ತಾದ ಬೆಲೆಗೆ ಮಾರಲು ಒಪ್ಪಿ ತಪ್ಪಿದರೆ, ಕೊಡಬೇಕಾಗಿದ್ದ ಕಾಲದಲ್ಲಿ ಅದೇ ಗುಣದ ಪೆಟ್ಲುಪ್ಪಿಗೆ ಎಷ್ಟು ಬೆಲೆಯಿತ್ತೋ ಅದಕ್ಕೂ ಕರಾರಿನ ಬೆಲೆಗೂ ಇರುವ ಅಂತರವೇ ಪರಿಹಾರ.

ಪೆಟ್ಲುಪ್ಪಿನ ಬದಲು ನಾವು ಮೆಣಸಿನಕಾಯಿಯನ್ನು ಇಟ್ಟುಕೊಂಡು ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. ಹೋಟೆಲು ನಡೆಸುವ ನಮ್ಮವರೊಬ್ಬರು ಕಿಲೋಗೆ 300 ರೂಪಾಯಿಯಂತೆ 200 ಕಿಲೋ ಬ್ಯಾಡಗಿ ಮೆಣಸಿನಕಾಯಿಗೆ ಹೇಳಿ 10,000 ರೂಪಾಯಿ ಮುಂಗಡ ಕೊಟ್ಟಿದ್ದಾರೆ. ಗೊತ್ತಾದ ದಿನ ಸರಕು ಬರಲಿಲ್ಲ. ಆ ದಿನ ಸರಕನ್ನು ಒಪ್ಪಿಸಬೇಕಾಗಿದ್ದ ಸ್ಥಳದಲ್ಲಿ ಬೆಲೆ 360 ರೂಪಾಯಿ. ಅಂತರ ಕಿಲೋಗೆ 60. 200 ಕಿಲೋಗೆ 12,000. ಮುಂಗಡ ಸೇರಿ 22,000 ರೂಪಾಯಿ ಕೇಳಬಹುದು. ಹಿಂದಿರುಗಿಸಬೇಕಾದ ಹಣಕ್ಕೆ ಬಡ್ಡಿಯನ್ನು ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಆ ದಿನ ಬೆಲೆ 280ಕ್ಕೆ ಇಳಿದಿದ್ದರೆ? ಬೇರೆ ಕಡೆ ಅಗ್ಗವಾಗಿಯೇ ಸಿಕ್ಕುವಂತಿತ್ತಾದ್ದರಿಂದ ಬೆಲೆಯ ಅಂತರದ ನಷ್ಟವಿಲ್ಲ. ಮುಂಗಡದ ಹಣ ಮಾತ್ರ ಹಿಂದಕ್ಕೆ ಬರಬೇಕು.

ಇನ್ನೊಂದು ಸಂಗತಿ. “ಅವನೇ ತಂದುಕೊಡಬೇಕು” ಎಂದು ಹಠ ಹಿಡಿದು ಎರಡು ತಿಂಗಳು ಕಳೆದು, ಬೆಲೆ 450 ಆದಾಗ ಕೊಂಡು, 150ರ ಅಂತರವನ್ನು ಕೇಳಿದರೆ ಅದು ನಡೆಯುವುದು ಕಷ್ಟ. ನಷ್ಟವನ್ನು ಎಣಿಸುವಾಗ, ಅದನ್ನು ತಗ್ಗಿಸಲು ನಮ್ಮ ಕೈಯಲ್ಲಿ ಏನೇನು ಉಪಾಯವಿತ್ತು ಎಂಬುದನ್ನೂ ನೋಡಬೇಕೆಂದು ಅದೇ 73ನೆಯ ಕಲಮಿನ ವಿವರಣೆ ಹೇಳುತ್ತದೆ. ಮಾತು ತಪ್ಪಿದವನ ಹೊಣೆ ಎಷ್ಟೇ ಇರಲಿ, ನಮ್ಮ ಹಠದ ಖರ್ಚು ಅವನ ತಲೆಯ ಮೇಲೆ ಬರುವುದಿಲ್ಲ.

ಲೆಕ್ಕ ಒಪ್ಪಿಸದೆ ಮೊಕದ್ದಮೆ ಸೋತವರ ನಿದರ್ಶನ ಸರ್ವೋಚ್ಚ ನ್ಯಾಯಾಲಯದಲ್ಲೇ ಇದೆ. 1947ರಲ್ಲಿ ಕಾನಪುರದ ವ್ಯಾಪಾರಿಗಳು ಕ್ಯಾನ್‌ವಾಸ್ ಬಟ್ಟೆಯನ್ನು ಗಜಕ್ಕೆ ಒಂದು ರೂಪಾಯಿಯಂತೆ ಮಾರಲು ಒಪ್ಪಿದ್ದರು. ಸರಕನ್ನು ಕಲಕತ್ತೆಗೆ ರೈಲಿನಲ್ಲಿ ಹಾಕಿ ಆಗಸ್ಟ್ 5ರಂದು ರೈಲ್ವೆ ರಸೀತಿ ಒಪ್ಪಿಸಬೇಕಾಗಿತ್ತು. ಅದು ನಡೆಯಲಿಲ್ಲ. ಕೊಂಡವರು ಪರಿಹಾರಕ್ಕೆ ದಾವೆ ಹೂಡಿದರು. ಮುರಳೀಧರ ಚಿರಂಜೀಲಾಲ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ 1961ರಲ್ಲಿ ತೀರ್ಪು ಬಂದಿತು. ಸರಕು ಒಪ್ಪಿಸಬೇಕಾಗಿದ್ದ ಸ್ಥಳ ಕಾನಪುರ. ಆದ್ದರಿಂದ ಮಾತು ತಪ್ಪಿದ ದಿನದ ಕಾನಪುರದ ದರವನ್ನು ತೋರಿಸಬೇಕಾಗಿತ್ತು. ಕೊಂಡವರು ತೋರಿಸಿದ್ದು ಕಲಕತ್ತೆಯ ದರವನ್ನು. ಮಾತು ತಪ್ಪಿದ್ದು ನಿಜವಾದರೂ ನಷ್ಟ ಸಾಬೀತಾಗಲಿಲ್ಲ, ಪರಿಹಾರ ದೊರೆಯಲಿಲ್ಲ. ಬೇರೆ ಊರಿನಿಂದ ಸರಕು ತರಿಸುವ ನಾವೆಲ್ಲ ನೆನಪಿಡಬೇಕಾದ ಮೊಕದ್ದಮೆ ಇದು. ಸರಕು ನಮಗೆ ಒಪ್ಪಿತವಾಗುವುದು ಎಲ್ಲಿ, ಅಲ್ಲಿಯೋ ಇಲ್ಲಿಯೋ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಮಾತು ತಪ್ಪಿದ ದಿನ ಆ ಊರಿನ ಅಂಗಡಿಗಳಿಂದ ದರದ ಚೀಟಿ ತೆಗೆದಿಡಬೇಕು.

ಎಲ್ಲ ನಷ್ಟವೂ ಪರಿಹಾರಕ್ಕೆ ಬರುವುದಿಲ್ಲ ಎಂಬುದಕ್ಕೆ ಮದರಾಸಿನ ಒಬ್ಬ ದರ್ಜಿಯ ಕಥೆ ಇದೆ. ಇದು ಮಾರಾಟದ್ದಲ್ಲ, ಸಾಗಣೆಯದು. ಆದರೆ ತತ್ತ್ವ ಒಂದೇ. ಜಾತ್ರೆಯ ಸಂದರ್ಭದಲ್ಲಿ ಒಳ್ಳೆಯ ಸಂಪಾದನೆಯಾಗಬಹುದೆಂದು ಆತ ತನ್ನ ಹೊಲಿಗೆ ಯಂತ್ರವನ್ನೂ ಬಟ್ಟೆಯನ್ನೂ ರೈಲಿನಲ್ಲಿ ಕಳುಹಿಸಿದ. ರೈಲಿನವರ ತಪ್ಪಿನಿಂದ ಅವು ಜಾತ್ರೆ ಮುಗಿದ ಮೇಲೆ ತಲುಪಿದುವು. ಹೋದ ಲಾಭವನ್ನು ಕೊಡಬೇಕೆಂದು ಆತ ಕೇಳಿದ. 1898ರಲ್ಲಿ ಮದರಾಸು ಹೈಕೋರ್ಟು ಅದನ್ನು ಒಪ್ಪಲಿಲ್ಲ. ಯಂತ್ರ ಜಾತ್ರೆಗಾಗಿ ಹೋಗುತ್ತಿದೆಯೆಂದು ರೈಲಿನವರಿಗೆ ಆತ ತಿಳಿಸಿಯೇ ಇರಲಿಲ್ಲ. ಸಹಜವಾಗಿ ಉಂಟಾಗುವ ನಷ್ಟ, ಅಥವಾ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ, ಇವೆರಡಕ್ಕೆ ಮಾತ್ರ ಕಾನೂನು ಪರಿಹಾರ ಕೊಡಿಸುತ್ತದೆ. ದೂರದ ನಷ್ಟಕ್ಕೆ ಇಲ್ಲ. ಆದ್ದರಿಂದ ಮದುವೆಗೆ, ಉಪನಯನಕ್ಕೆ, ಅಂಗಡಿಯ ಪ್ರಾರಂಭಕ್ಕೆ ಎಂದು ಸರಕು ಹೇಳುವಾಗ ದಿನವನ್ನೂ ಕಾರಣವನ್ನೂ ಬರೆದು ತಿಳಿಸಬೇಕು. “ಇಂಥ ತಾರೀಖಿನ ಮದುವೆಗೆ” ಎಂಬ ಎರಡು ಮಾತು ಮುಂದೆ ದೊಡ್ಡ ಆಸರೆಯಾಗುತ್ತದೆ.

“ತಪ್ಪಿದರೆ ಇಷ್ಟು ದಂಡ”, “ಮುಂಗಡ ಮುಟ್ಟುಗೋಲು” ಎಂದು ಕೆಲವರು ಕರಾರಿನಲ್ಲಿ ಬರೆಸುತ್ತಾರೆ. ಬರೆದ ಮಾತ್ರಕ್ಕೆ ಅಷ್ಟೂ ಸಿಕ್ಕುವುದಿಲ್ಲ. ಬರೆದ ಮೊತ್ತಕ್ಕೆ ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ ಎಂದು 74ನೆಯ ಕಲಮು ಹೇಳುತ್ತದೆ. ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸಲು ಒಪ್ಪಿ ಠೇವಣಿ ಇಟ್ಟಿದ್ದ ಮೌಲಾ ಬಕ್ಷ್ ಎಂಬುವರು ಸರಿಯಾಗಿ ಒದಗಿಸಲಿಲ್ಲವೆಂದು ಸರ್ಕಾರ ಅವರ 18,500 ರೂಪಾಯಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಬೇರೆ ಕಡೆ ಕೊಂಡ ಆಲೂಗಡ್ಡೆ ಮೊಟ್ಟೆಗಳ ದರವನ್ನು ತೋರಿಸಿ ನಷ್ಟವನ್ನು ಸಾಬೀತುಮಾಡುವುದು ಸಾಧ್ಯವಿತ್ತು, ಸರ್ಕಾರ ಅದನ್ನು ಮಾಡಲಿಲ್ಲ ಎಂದು 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿ, ಹಣವನ್ನು ಹಿಂದಿರುಗಿಸಬೇಕೆಂದಿತು. ಲೆಕ್ಕ ತೋರಿಸುವ ಹೊಣೆಯಿಂದ ಸರ್ಕಾರಕ್ಕೂ ವಿನಾಯಿತಿ ಸಿಗಲಿಲ್ಲ.

ಹಣ ಬೇಡ, ವಸ್ತುವೇ ಬೇಕು

ಕೆಲವು ವಸ್ತುಗಳಿಗೆ ಹಣದ ಬದಲಿ ಇಲ್ಲ. ಹಿರಿಯ ವಿದ್ವಾಂಸರೊಬ್ಬರು ನುಡಿಸಿದ ವೀಣೆಯನ್ನು ಕೊಳ್ಳಲು ಹಣ ಕೊಟ್ಟ ಮೇಲೆ ಮಾರುವವರು ಮನಸ್ಸು ಬದಲಿಸಿದರೆ, ಅಂಗಡಿಯ ಹೊಸ ವೀಣೆ ಅದಕ್ಕೆ ಸಮನಾಗದು. ಇಂತಿಂಥದೇ ಎಂದು ಗುರುತಿಟ್ಟ ವಸ್ತುವಾದರೆ ಅದನ್ನೇ ಒಪ್ಪಿಸಬೇಕೆಂದು ನ್ಯಾಯಾಲಯ ಆಜ್ಞೆ ಮಾಡಲು 58ನೆಯ ಕಲಮಿನಲ್ಲಿ ಅವಕಾಶವಿದೆ. ಮಾರುಕಟ್ಟೆಯಲ್ಲಿ ಎಲ್ಲಿ ಬೇಕಾದರೂ ಸಿಗುವ ಅಕ್ಕಿ, ಬೇಳೆಗಳಿಗೆ ಸಾಮಾನ್ಯವಾಗಿ ಹಣವೇ ಪರಿಹಾರ.

ಇದಲ್ಲದೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾಗಿದೆ. ಕನಿಷ್ಠ 30 ದಿನಗಳ ಲಿಖಿತ ಸೂಚನೆ ಕೊಟ್ಟು, ಆಗಲೂ ನಡೆಸಿಕೊಡದಿದ್ದರೆ ಬೇರೆಯವರಿಂದ ಆ ಕೆಲಸವನ್ನು ಮಾಡಿಸಿಕೊಂಡು ಆದ ವೆಚ್ಚವನ್ನು ಮಾತು ತಪ್ಪಿದವರಿಂದ ವಸೂಲು ಮಾಡಬಹುದು. ಹಾಗೆ ಮಾಡಿಸಿಕೊಂಡ ಮೇಲೆ ಮೊದಲಿನವರೇ ನಡೆಸಿಕೊಡಲಿ ಎಂದು ಮಾತ್ರ ಕೇಳುವಂತಿಲ್ಲ.

ಮಾರಿದವರ ಪಾಲಿಗೆ

ಕೊಳ್ಳುವವರಷ್ಟೇ ಅಲ್ಲ, ನಮ್ಮಲ್ಲಿ ಮಾರುವವರೂ ಇದ್ದಾರೆ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕುವ ಗೃಹಿಣಿಯರೂ ಇದ್ದಾರೆ. ಅವರ ಕಷ್ಟ ಇನ್ನೊಂದು ಬಗೆ: ಸರಕು ಹೋಗುತ್ತದೆ, ಹಣ ಬರುವುದಿಲ್ಲ.

ಸರಕು ಇನ್ನೂ ತಮ್ಮ ವಶದಲ್ಲಿದ್ದು ಸಾಲದ ಮಾತಾಗಿಲ್ಲದಿದ್ದರೆ, ಹಣ ಬರುವವರೆಗೆ ಅದನ್ನು ತಡೆದಿಟ್ಟುಕೊಳ್ಳುವ ಹಕ್ಕು ಮಾರಿದವರಿಗಿದೆ. ಸರಕು ದಾರಿಯಲ್ಲಿದ್ದು, ಕೊಂಡವನು ಸಾಲ ತೀರಿಸಲಾರದ ಸ್ಥಿತಿಗೆ ಬಂದನೆಂದು ತಿಳಿದರೆ ದಾರಿಯಲ್ಲೇ ನಿಲ್ಲಿಸಬಹುದು. ಹೀಗೆ ತಡೆದಿಟ್ಟ ಸರಕನ್ನು ಬೇರೆಯವರಿಗೆ ಮಾರುತ್ತೇವೆಂದು ಸೂಚನೆ ಕೊಟ್ಟು, ತಕ್ಕ ಕಾಲ ಕಾಯ್ದು ಮಾರಬಹುದು. ಕೆಟ್ಟುಹೋಗುವ ಸರಕಿಗೆ ಸೂಚನೆಯೂ ಬೇಕಿಲ್ಲ. ಆದರೆ ಸೂಚನೆ ಕೊಡಬೇಕಾದ ಕಡೆ ಕೊಡದೆ ಮಾರಿದರೆ, ನಷ್ಟವಾದರೆ ಕೇಳುವಂತಿಲ್ಲ. ಲಾಭವಾದರೆ ಮೊದಲು ಕೊಂಡವನಿಗೆ ಸಲ್ಲಬೇಕು. ಸೂಚನೆ ಕೊಟ್ಟು ಮಾರಿದವರಿಗೆ ನಷ್ಟವನ್ನು ಕೇಳುವ ಹಕ್ಕೂ ಉಂಟು, ಬಂದ ಲಾಭವೂ ಅವರದೇ. ಇಲ್ಲಿಯೂ ಒಂದು ಕಾಗದ ಎಷ್ಟು ಕೆಲಸ ಮಾಡುತ್ತದೆ ನೋಡಿ.

ಸರಕಿನ ಒಡೆತನ ಕೊಂಡವನಿಗೆ ಹೋಗಿದ್ದು ಅವನು ಹಣ ಕೊಡದಿದ್ದರೆ ಬೆಲೆಗಾಗಿಯೇ ದಾವೆ ಹೂಡಬಹುದು. ಒಪ್ಪಿದ ಸರಕನ್ನು ತೆಗೆದುಕೊಳ್ಳಲೇ ಇಲ್ಲವಾದರೆ ಸಾಮಾನ್ಯವಾಗಿ ಬೆಲೆಯ ಅಂತರ ಮಾತ್ರ ಸಿಗುತ್ತದೆ. ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡ ತಯಾರಕರಿಗೆ 2006ರ ಕಾಯಿದೆಯೊಂದರ ರಕ್ಷಣೆ ಬೇರೆ ಇದೆ. ಕೊಂಡವರು ಯಾವ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿಯನ್ನು, ತಿಂಗಳು ತಿಂಗಳು ಚಕ್ರಬಡ್ಡಿಯಂತೆ, ತೆರಬೇಕು. ಇದಕ್ಕಾಗಿ ರಾಜ್ಯಗಳಲ್ಲಿ ಪ್ರತ್ಯೇಕ ಮಂಡಲಿಗಳಿವೆ. ಮನೆಯಲ್ಲೇ ಸರಕು ತಯಾರಿಸುವ ಸೋದರಿಯರು ನೋಂದಣಿಯನ್ನು ಅಲಕ್ಷ್ಯ ಮಾಡಬಾರದೆಂದು ನಮ್ಮ ಬಿನ್ನಹ.

ಎಲ್ಲಿಗೆ ಹೋಗಬೇಕು?

ಮನೆಬಳಕೆಗೆ ಕೊಂಡವರಿಗೆ ಹತ್ತಿರದ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಬದಲು ಬಂದ 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿದೆ. ಹೊರನಾಡಿನ ಕನ್ನಡಿಗರಿಗೆ ಅದರಲ್ಲಿ ದೊಡ್ಡ ಉಪಕಾರವೊಂದು ಅಡಗಿದೆ: ದೂರು ಕೊಡುವವರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವನು ಇಳಕಲ್ಲಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಪುಣೆಯಲ್ಲಿರುವವರು ಪುಣೆಯಲ್ಲೇ, ದಿಲ್ಲಿಯಲ್ಲಿರುವವರು ದಿಲ್ಲಿಯಲ್ಲೇ ನ್ಯಾಯ ಕೇಳಬಹುದು. ಸರಕಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ; 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ದೂರನ್ನು ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ದೋಷ ತಿದ್ದಿಸುವುದು, ಬೇರೆ ವಸ್ತು ಕೊಡಿಸುವುದು, ಬಡ್ಡಿಯೊಡನೆ ಹಣ ಹಿಂದಿರುಗಿಸುವುದು, ಪರಿಹಾರ ಕೊಡಿಸುವುದು ಇವೆಲ್ಲ ಆಯೋಗದ ಅಧಿಕಾರದಲ್ಲಿವೆ. ದೂರನ್ನು 2 ವರ್ಷದೊಳಗೆ ಕೊಡಬೇಕು. ಮೊದಲು ಸಲಹೆ ಬೇಕೆನ್ನುವವರು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರವಾಣಿ ಮಾಡಬಹುದು.

“ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ” ಎಂದು ಬಿಲ್ಲಿನ ಮೇಲೆ ಅಚ್ಚಾಗಿರುವುದನ್ನು ಕಂಡು ಬಹಳ ಮಂದಿ ಹಿಂಜರಿಯುತ್ತಾರೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು 2019ರ ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಬಿಲ್ಲು ಕೊಡದಿರುವುದೂ ಹಾಗೆಯೇ.

ಮರುಮಾರಾಟಕ್ಕೆ ಅಥವಾ ದೊಡ್ಡ ವ್ಯಾಪಾರಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ತಾವೇ ಬಳಸುವುದಕ್ಕೆಂದು ಕೊಂಡ ಹೊಲಿಗೆ ಯಂತ್ರ, ರುಬ್ಬುವ ಯಂತ್ರದಂಥವಕ್ಕೆ ಮಾತ್ರ ವಿನಾಯಿತಿಯುಂಟು. ಉಳಿದವರಿಗೆ ಸಿವಿಲ್ ನ್ಯಾಯಾಲಯವೇ ದಾರಿ. ಅಲ್ಲಿ ಕಾಲಮಿತಿ 3 ವರ್ಷ. ದಾವೆಯನ್ನು ಪ್ರತಿವಾದಿ ಇರುವ ಊರಿನಲ್ಲಿ, ಅಥವಾ ವ್ಯಾಜ್ಯದ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಊರಿನಲ್ಲಿ ಹೂಡಬೇಕು. ರಾಜಿಗೆ ಮನಸ್ಸಿರುವವರು ಲೋಕ ಅದಾಲತ್ತನ್ನು ಮರೆಯಬಾರದು. ಅಲ್ಲಿ ಆದ ರಾಜಿ ನ್ಯಾಯಾಲಯದ ಡಿಕ್ರಿಗೆ ಸಮಾನ; ಅದರ ಮೇಲೆ ಅಪೀಲಿಲ್ಲ.

ಮೊದಲು ಒಂದು ಕಾಗದ

ಇಷ್ಟೆಲ್ಲ ಬಾಗಿಲುಗಳಿದ್ದರೂ ಬಹಳಷ್ಟು ವ್ಯಾಜ್ಯಗಳು ಸಕಾಲದಲ್ಲಿ ಬರೆದ ಕಾಗದವೊಂದರಿಂದಲೇ ಮುಗಿಯಬಲ್ಲುವು. ಅದರಲ್ಲಿ ಬೈಗುಳ ಬೇಡ, ಬೆದರಿಕೆ ಬೇಡ. ತಾರೀಖು, ಮೊತ್ತ, ದೋಷ, ಬೇಡಿಕೆ ಇವು ನಾಲ್ಕಿದ್ದರೆ ಸಾಕು. ಹೀಗೆ ಬರೆಯಬಹುದು:

“ಮಾನ್ಯರೇ, ಇಂಥ ದಿನ ತಮ್ಮಲ್ಲಿ ಮಾದರಿ ನೋಡಿ, ಇಂಥ ತಾರೀಖಿನ ಮದುವೆಗೆಂದು ತಿಳಿಸಿ, 12 ಕೈಮಗ್ಗದ ಸೀರೆಗಳಿಗೆ ಹೇಳಿ ಇಷ್ಟು ಹಣ ಕೊಟ್ಟಿದ್ದೆವು. ನಿನ್ನೆ ತಲುಪಿದ ಗಂಟನ್ನು ಕೂಡಲೇ ಬಿಚ್ಚಿ ನೋಡಲಾಗಿ ಸೀರೆಗಳು ಮಾದರಿಯಂತಿಲ್ಲ. ಆದ್ದರಿಂದ ಅವನ್ನು ನಾವು ಸ್ವೀಕರಿಸಿರುವುದಿಲ್ಲ. ಸೀರೆಗಳು ತಮಗಾಗಿ ಭದ್ರವಾಗಿವೆ, ತರಿಸಿಕೊಳ್ಳಬಹುದು. ಕೊಟ್ಟ ಹಣವನ್ನು ಈ ಕಾಗದ ಸೇರಿದ 15 ದಿನಗಳೊಳಗೆ ಹಿಂದಿರುಗಿಸಬೇಕಾಗಿ ಕೋರುತ್ತೇವೆ. ಮದುವೆಗೆ ಬೇರೆ ಕಡೆ ಕೊಳ್ಳುವುದರಿಂದ ಬೀಳುವ ಹೆಚ್ಚಿನ ಬೆಲೆಯ ಲೆಕ್ಕವನ್ನು ಆಮೇಲೆ ಕಳುಹಿಸುತ್ತೇವೆ.”

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿಯನ್ನೂ ನಕಲನ್ನೂ ಇಟ್ಟುಕೊಳ್ಳಬೇಕು. ಅದರ ಚಿತ್ರವನ್ನು ಮೊಬೈಲಿನ ಮೂಲಕವೂ ಕಳುಹಿಸಿದರೆ ಇನ್ನೂ ಒಳ್ಳೆಯದು.

ಸಂಬಂಧಿಕರಿಗೆ, ಊರಿನವರಿಗೆ, ಸಂಘದಲ್ಲಿ ಪ್ರತಿ ಹಬ್ಬಕ್ಕೂ ಮುಖ ನೋಡಬೇಕಾದವರಿಗೆ ಇಂಥ ಕಾಗದ ಬರೆಯುವುದು ಹೇಗೆಂಬ ದಾಕ್ಷಿಣ್ಯ ಸಹಜವೇ. ಆದರೆ ಬರೆಯದೆ ನುಂಗಿಕೊಂಡದ್ದು ಹೊಟ್ಟೆಯಲ್ಲಿ ಕರಗುವುದಿಲ್ಲ. ಅದು ಬೆನ್ನ ಹಿಂದಿನ ಮಾತಾಗಿ, ಮದುವೆ ಮುಂಜಿಗಳಲ್ಲಿ ತಪ್ಪಿಸಿಕೊಂಡು ತಿರುಗುವ ಮುಖವಾಗಿ, ಹತ್ತು ವರ್ಷವಾದರೂ ಉಳಿದಿರುತ್ತದೆ. ಪ್ರಾಮಾಣಿಕನಾದ ವ್ಯಾಪಾರಿಗೆ ಆ ಕಾಗದ ತನ್ನ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ. ಪ್ರಾಮಾಣಿಕನಲ್ಲದವನ ಮುಂದೆ ದಾಕ್ಷಿಣ್ಯವೇಕೆ? ಪರಸ್ಥಳದಲ್ಲಿ ನಮ್ಮವರು ನಮ್ಮವರಲ್ಲಿ ವ್ಯಾಪಾರ ಮಾಡುವುದು ಬೆಳೆಯಬೇಕಾದರೆ ನಂಬಿಕೆಯೊಂದಿಗೆ ರಸೀತಿಯೂ ಇರಲಿ. ಗಂಟು ಬಂದ ದಿನವೇ ಬಿಚ್ಚಿ ನೋಡಿ, ಬೇಡದಿದ್ದರೆ ಅಂದೇ ಹೇಳುವ ಅಭ್ಯಾಸವನ್ನು ನಮ್ಮ ಮನೆಗಳಲ್ಲಿ ಮಾಡಿಕೊಳ್ಳೋಣ.